ಯುದ್ಧವಿಮಾನ: ರೆಕ್ಕೆಯ ಬಲವೋ, ಕಣ್ಣಿನ ಬಲವೋ?

1976ರ ಸೆಪ್ಟೆಂಬರ್ 6ರಂದು ಜಪಾನಿನ ಉತ್ತರ ಭಾಗದ ಹಾಕೊದಾತೆ ವಿಮಾನ ನಿಲ್ದಾಣಕ್ಕೆ ಯಾರೂ ನಿರೀಕ್ಷಿಸದ ಅತಿಥಿಯೊಂದು ಬಂದಿಳಿಯಿತು. ವಿಕ್ಟರ್ ಬೆಲೆಂಕೊ ಎಂಬ ಸೋವಿಯತ್ ಪೈಲಟ್ ತನ್ನ ದೇಶ ತೊರೆದು ಮಿಗ್-25 ಯುದ್ಧವಿಮಾನದೊಡನೆ ಪರಾರಿಯಾಗಿ ಬಂದಿದ್ದ. ಇಂಧನ ಬಹುತೇಕ ಬರಿದಾಗಿತ್ತು. ರನ್‌ವೇ ಸಾಲದೆ ವಿಮಾನ ಅದರ ಅಂಚು ದಾಟಿ ಮುಂದೆ ಹೋಗಿ ನಿಂತಿತು.

ಪಾಶ್ಚಾತ್ಯ ರಾಷ್ಟ್ರಗಳು ಹಲವು ವರ್ಷಗಳಿಂದ ಬೆಚ್ಚುತ್ತಿದ್ದ ವಿಮಾನವದು. ಶಬ್ದದ ವೇಗಕ್ಕಿಂತ 2.8 ಪಟ್ಟು ವೇಗ, ಇಪ್ಪತ್ತು ಕಿಲೋಮೀಟರಿಗೂ ಮೀರಿದ ಎತ್ತರ. ಛಾಯಾಚಿತ್ರಗಳಲ್ಲಿ ಅದರ ಅಗಲವಾದ ರೆಕ್ಕೆಗಳನ್ನು ನೋಡಿದ ತಜ್ಞರು, ಇದು ಚುರುಕಾಗಿ ತಿರುಗಬಲ್ಲ ಮಹಾ ಯೋಧನಿರಬೇಕೆಂದು ಊಹಿಸಿದ್ದರು. ಅಮೆರಿಕದ ಎಫ್-15 ವಿಮಾನದ ರೂಪುರೇಷೆ ಬಲಿತದ್ದರಲ್ಲಿ ಈ ಭಯದ ಪಾಲೂ ಇತ್ತು.

ಬಿಚ್ಚಿ ನೋಡಿದಾಗ ಕಂಡದ್ದೇ ಬೇರೆ. ಮೈಯ ಬಹುಭಾಗ ಉಕ್ಕು. ರೇಡಾರಿನೊಳಗೆ ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ ವಾಲ್ವ್‌ಗಳು. ರೇಡಾರಿನ ಶಕ್ತಿಯೇನೋ ಅಗಾಧ. ಶತ್ರುವಿನ ಎಲೆಕ್ಟ್ರಾನಿಕ್ ಗದ್ದಲವನ್ನು ಸೀಳಿಕೊಂಡು ಹೋಗುವಂಥದು. ಆದರೆ ನೆಲಕ್ಕೆ ಹತ್ತಿರವಾಗಿ ಹಾರುವ ವಿಮಾನ ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. ವಿಮಾನದ ತೂಕ ವಿಪರೀತ. ದೊಡ್ಡ ರೆಕ್ಕೆ ಇದ್ದದ್ದು ಆ ತೂಕ ಹೊರಲು, ತಿರುಗಲು ಅಲ್ಲ. ಓಟದ ಕುದುರೆಯನ್ನು ಕಂಡು ಕುಸ್ತಿಯ ಪೈಲ್ವಾನನೆಂದು ಭಾವಿಸಿದಂತಾಗಿತ್ತು.

ಹಾಗೆಂದು ಮಿಗ್-25 ಕಳಪೆ ವಿಮಾನವೇನಲ್ಲ. ಅತಿ ಎತ್ತರದಲ್ಲಿ ಬರುವ ಬಾಂಬರುಗಳನ್ನು ಅಟ್ಟಿಸಿಕೊಂಡು ಹೋಗುವುದಕ್ಕೆಂದು ಅದನ್ನು ಕಟ್ಟಿದ್ದರು. ಆ ಕೆಲಸಕ್ಕೂ ಎತ್ತರದಿಂದ ಚಿತ್ರ ತೆಗೆಯುವ ಬೇಹುಗಾರಿಕೆಗೂ ಅದು ಸಾಟಿಯಿಲ್ಲದ್ದು. ಭಾರತೀಯ ವಾಯುಪಡೆಯೂ ಅದರ ಬೇಹುಗಾರಿಕೆ ಮಾದರಿಯನ್ನು 1981ರಿಂದ 2006ರವರೆಗೆ ಬಳಸಿತು. ತಪ್ಪಿದ್ದದ್ದು ವಿಮಾನದಲ್ಲಲ್ಲ, ಅದನ್ನು ಅಳೆದ ಅಳತೆಗೋಲಿನಲ್ಲಿ.

ಯುದ್ಧವಿಮಾನಗಳನ್ನು ಹೋಲಿಸುವ ಪಟ್ಟಿಗಳು ಇಂದಿಗೂ ವೇಗ, ಎತ್ತರ, ಹಾರುವ ದೂರ, ಹೊರುವ ಭಾರ ಎಂಬ ನಾಲ್ಕು ಕಂಬಗಳ ಮೇಲೆ ನಿಲ್ಲುತ್ತವೆ. ಆದರೆ ಕಳೆದ ಎಪ್ಪತ್ತು ವರ್ಷಗಳ ಆಕಾಶಯುದ್ಧದ ಇತಿಹಾಸವನ್ನು ಗಮನಿಸಿದರೆ, ಸೋಲು ಗೆಲುವು ನಿರ್ಧಾರವಾದದ್ದು ಈ ಪಟ್ಟಿಯ ಹೊರಗೇ ಹೆಚ್ಚು.

ಕೊರಿಯದ ಪಾಠ

ಜೆಟ್ ವಿಮಾನಗಳು ದೊಡ್ಡ ಸಂಖ್ಯೆಯಲ್ಲಿ ಮೊದಲು ಮುಖಾಮುಖಿಯಾದದ್ದು ಕೊರಿಯ ಯುದ್ಧದಲ್ಲಿ. 1950ರ ಕೊನೆಯ ತಿಂಗಳುಗಳಲ್ಲಿ ಸೋವಿಯತ್ ನಿರ್ಮಿತ ಮಿಗ್-15, ಅದರ ಬೆನ್ನಿಗೇ ಅಮೆರಿಕದ ಎಫ್-86 ಸೇಬರ್ ರಣರಂಗಕ್ಕೆ ಬಂದವು. ಕಾಗದದ ಮೇಲೆ ಮಿಗ್ ಒಂದು ಕೈ ಮೇಲು. ಹಗುರ ದೇಹ, ಬೇಗ ಮೇಲೇರುವ ಶಕ್ತಿ, ಸೇಬರಿಗೆ ನಿಲುಕದ ಎತ್ತರ. ಮಿಗ್‌ನಲ್ಲಿ 37 ಮಿಲಿಮೀಟರಿನ ಒಂದು, 23 ಮಿಲಿಮೀಟರಿನ ಎರಡು ಫಿರಂಗಿಗಳಿದ್ದವು. ಸೇಬರಿನದು ಆರು ಮೆಷಿನ್ ಗನ್‌ಗಳು ಮಾತ್ರ.

ಆದರೂ ಸೇಬರಿನ ಕೈ ಮೇಲಾಯಿತು. ಹತ್ತು ಮಿಗ್‌ಗಳಿಗೆ ಒಂದು ಸೇಬರ್ ಎಂದು ಅಮೆರಿಕ ಆಗ ಹೇಳಿಕೊಂಡ ಲೆಕ್ಕವನ್ನು ನಂತರದ ಸಂಶೋಧಕರು ಬಹಳಷ್ಟು ಇಳಿಸಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಪಳಗಿದ ಅಮೆರಿಕದ ಪೈಲಟ್‌ಗಳ ಅನುಭವಕ್ಕೂ ಇದರಲ್ಲಿ ಪಾಲುಂಟು. ಆದರೆ ಯಂತ್ರದ ಮಟ್ಟಿಗೆ ಹೇಳುವುದಾದರೆ, ಸೇಬರನ್ನು ಕಾಪಾಡಿದ್ದು ಕಣ್ಣಿಗೆ ಕಾಣದ ಮೂರು ಸಣ್ಣ ಸಂಗತಿಗಳು. ಸುತ್ತಲೂ ನೋಡಲು ಅನುಕೂಲವಾದ ಗುಳ್ಳೆಯಾಕಾರದ ಗಾಜಿನ ಹೊದಿಕೆ ಮೊದಲನೆಯದು. ಕಡ್ಡಿಯನ್ನು ಮೆಲ್ಲಗೆ ಸರಿಸಿದರೂ ವಿಮಾನ ಮಾತು ಕೇಳುವಂಥ ಹೈಡ್ರಾಲಿಕ್ ನಿಯಂತ್ರಣ ಎರಡನೆಯದು. ರೇಡಾರ್ ಜೋಡಿಸಿದ ಗುರಿ ಹಿಡಿಯುವ ಸಾಧನ ಮೂರನೆಯದು.

ಈ ಮೂರನೆಯದನ್ನು ಸ್ವಲ್ಪ ವಿವರಿಸಬೇಕು. ಓಡುವ ಗುರಿಗೆ ಹೊಡೆಯುವವನು ಗುರಿ ಇರುವ ಕಡೆಗಲ್ಲ, ಅದು ಹೋಗಿ ಸೇರುವ ಕಡೆಗೆ ಹೊಡೆಯಬೇಕು. ಎಷ್ಟು ಮುಂದಕ್ಕೆ ಎಂಬುದು ದೂರವನ್ನೂ ತಿರುವಿನ ವೇಗವನ್ನೂ ಅವಲಂಬಿಸಿದೆ. ಮಿಗ್‌ನ ಪೈಲಟ್ ದೂರವನ್ನು ಕಣ್ಣಳತೆಯಿಂದ ಅಂದಾಜು ಮಾಡಬೇಕಿತ್ತು. ಸೇಬರಿನ ಮೂತಿಯಲ್ಲಿದ್ದ ಚಿಕ್ಕ ರೇಡಾರ್ ದೂರವನ್ನು ತಾನೇ ಅಳೆಯುತ್ತಿತ್ತು. ತಿರುಗುವ ಬುಗುರಿಯಂಥ ಗೈರೊಸ್ಕೋಪು ತಿರುವನ್ನು ಅಳೆಯುತ್ತಿತ್ತು. ಎರಡನ್ನೂ ಕೂಡಿಸಿ ಗುರಿಯ ಚುಕ್ಕೆ ಸರಿಯಾದ ಜಾಗಕ್ಕೆ ಸರಿಯುತ್ತಿತ್ತು. ಪೈಲಟ್ ಪರವಾಗಿ ಯಂತ್ರವೇ ಲೆಕ್ಕ ಮಾಡುವ ಯುಗ ಹೀಗೆ ಯುದ್ಧವಿಮಾನದೊಳಗೆ ಕಾಲಿಟ್ಟಿತು. ಏವಿಯೇಷನ್ ಮತ್ತು ಎಲೆಕ್ಟ್ರಾನಿಕ್ಸ್ ಎಂಬ ಎರಡು ಮಾತುಗಳನ್ನು ಬೆಸೆದು ‘ಏವಿಯಾನಿಕ್ಸ್’ ಎಂದು ಇಂದು ಕರೆಯುವುದು ಈ ಬಗೆಯ ಸಲಕರಣೆಗಳನ್ನೇ.

ಕಾಣದಿರುವುದೂ ಒಂದು ಶಕ್ತಿಯೇ. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಪರವಾನಗಿ ಪಡೆದು ತಯಾರಾದ ನ್ಯಾಟ್ ವಿಮಾನ ಇದಕ್ಕೆ ಸಾಕ್ಷಿ. ಉದ್ದ ಒಂಬತ್ತು ಮೀಟರಿಗೂ ಕಡಿಮೆ. ರೆಕ್ಕೆಯ ತುದಿಯಿಂದ ತುದಿಗೆ ಏಳು ಮೀಟರ್ ಸಹ ಇಲ್ಲ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರುಗಳಲ್ಲಿ ಕೆಲವು ಅಮೆರಿಕದ ಸೈಡ್‌ವೈಂಡರ್ ಕ್ಷಿಪಣಿಗಳನ್ನೂ ಹೊತ್ತಿದ್ದವು. ಅವುಗಳೆದುರು ಈ ಪುಟ್ಟ ವಿಮಾನ ‘ಸೇಬರ್ ಸಂಹಾರಿ’ ಎಂಬ ಬಿರುದು ಪಡೆಯಿತು. ಅದರ ಚುರುಕುತನ ಒಂದು ಕಾರಣ. ಹತ್ತಿರ ಬರುವವರೆಗೂ ಅದು ಕಣ್ಣಿಗೆ ಬೀಳುತ್ತಿರಲಿಲ್ಲ ಎಂಬುದು ಇನ್ನೊಂದು.

ಕ್ಷಿಪಣಿಯ ಭ್ರಮೆ

ಎಲೆಕ್ಟ್ರಾನಿಕ್ಸ್ ಬಂದ ಮಾತ್ರಕ್ಕೆ ಎಲ್ಲವೂ ಬಗೆಹರಿಯಿತೆಂದು ತಿಳಿಯುವುದೂ ತಪ್ಪು. 1960ರ ದಶಕದ ಅಮೆರಿಕದ ಫ್ಯಾಂಟಮ್ ವಿಮಾನ ಆ ತಪ್ಪಿಗೆ ಬೆಲೆ ತೆತ್ತಿತು. ಇನ್ನು ಮುಂದೆ ದೂರದಿಂದಲೇ ಕ್ಷಿಪಣಿ ಬಿಟ್ಟು ಶತ್ರುವನ್ನು ಕೆಡವಬಹುದು, ಹತ್ತಿರದ ಕಾದಾಟದ ಕಾಲ ಮುಗಿಯಿತು ಎಂಬ ನಂಬಿಕೆಯಿಂದ ಅದರ ಮೊದಲ ಮಾದರಿಗಳಲ್ಲಿ ಗನ್ ಅನ್ನೇ ಇಟ್ಟಿರಲಿಲ್ಲ.

ವಿಯಟ್ನಾಂ ಆಕಾಶದಲ್ಲಿ ಆ ನಂಬಿಕೆ ಒಡೆಯಿತು. ತಮ್ಮವರನ್ನೇ ಹೊಡೆದುಬಿಟ್ಟಾರೆಂಬ ಭಯದಿಂದ, ಶತ್ರುವನ್ನು ಕಣ್ಣಾರೆ ಗುರುತಿಸಿದ ಮೇಲಷ್ಟೇ ಕ್ಷಿಪಣಿ ಬಿಡಬೇಕೆಂಬ ನಿಯಮ ಬಹುತೇಕ ಸಂದರ್ಭಗಳಲ್ಲಿ ಜಾರಿಯಲ್ಲಿತ್ತು. ಅಂದಮೇಲೆ ದೂರದ ಕ್ಷಿಪಣಿಯ ಉಪಯೋಗವೇ ಅರ್ಧ ಹೋಯಿತು. ಕಾಡಿನ ತೇವದಲ್ಲಿ, ಎಡೆಬಿಡದ ಹಾರಾಟದಲ್ಲಿ ಸೂಕ್ಷ್ಮ ಬಿಡಿಭಾಗಗಳು ಕೈಕೊಟ್ಟವು. ರೇಡಾರ್ ನಿರ್ದೇಶಿತ ಸ್ಪ್ಯಾರೊ ಕ್ಷಿಪಣಿಗಳಲ್ಲಿ ಸುಮಾರು ಹತ್ತಕ್ಕೆ ಒಂದು ಮಾತ್ರ ಗುರಿ ಮುಟ್ಟಿತು. ಹಗುರವಾದ ಮಿಗ್-17, ಮಿಗ್-21 ವಿಮಾನಗಳು ಹತ್ತಿರಕ್ಕೆ ನುಗ್ಗಿ ಬಂದಾಗ ಫ್ಯಾಂಟಮ್ ಪೈಲಟ್‌ಗಳ ಬಳಿ ಹೊಡೆಯಲು ಏನೂ ಇರುತ್ತಿರಲಿಲ್ಲ.

ಅಮೆರಿಕದ ನೌಕಾಪಡೆ ಇದರ ಕಾರಣ ಹುಡುಕಿ 1969ರಲ್ಲಿ ‘ಟಾಪ್ ಗನ್’ ಎಂದು ಹೆಸರಾದ ತರಬೇತಿ ಶಾಲೆ ತೆರೆಯಿತು. ವಾಯುಪಡೆ ತನ್ನ ಫ್ಯಾಂಟಮ್‌ನ ಮುಂದಿನ ಮಾದರಿಗೆ ಗನ್ ಮರಳಿ ತಂದಿತು. ಉಪಕರಣ ಎಷ್ಟೇ ನವೀನವಾಗಿರಲಿ, ಅದು ಯುದ್ಧದ ನಿಯಮಕ್ಕೂ ಹವೆಗೂ ಬಳಸುವ ಮನುಷ್ಯನಿಗೂ ಒಗ್ಗದಿದ್ದರೆ ಬರೀ ಭಾರ.

ಕಣ್ಣು, ಕಿವಿ, ಮಿದುಳು

ಇಂದಿನ ಯುದ್ಧವಿಮಾನದ ಏವಿಯಾನಿಕ್ಸ್ ಅನ್ನು ಅರ್ಥ ಮಾಡಿಕೊಳ್ಳಲು ಅದನ್ನು ಮೂರು ಪಾಲು ಮಾಡಬಹುದು. ರೇಡಾರ್ ಅದರ ಕಣ್ಣು. ಶತ್ರುವಿನ ರೇಡಾರನ್ನು ಆಲಿಸುವ ಎಚ್ಚರಿಕೆಯ ಗ್ರಾಹಕ ಅದರ ಕಿವಿ. ಇವೆರಡರಿಂದ ಬಂದದ್ದನ್ನು ಕೂಡಿಸಿ ಪೈಲಟ್ ಎದುರಿಗಿಡುವ ಕಂಪ್ಯೂಟರ್ ಅದರ ಮಿದುಳು.

ಮಿಗ್-25ರ ರೇಡಾರಿಗೆ ಕೆಳಗೆ ಹಾರುವ ವಿಮಾನ ಕಾಣದಿದ್ದದ್ದೇಕೆ? ರೇಡಾರ್ ಕೆಳಗೆ ನೋಡಿದಾಗ ಬೆಟ್ಟ, ಮರ, ಕಟ್ಟಡಗಳೆಲ್ಲದರಿಂದಲೂ ಪ್ರತಿಧ್ವನಿ ಬರುತ್ತದೆ. ಸಂತೆಯ ಗದ್ದಲದಲ್ಲಿ ಒಬ್ಬನ ಪಿಸುಮಾತು ಹುಡುಕಿದಂತೆ. ಇದಕ್ಕೆ ಪರಿಹಾರ ಒದಗಿಸಿದ್ದು ಡಾಪ್ಲರ್ ತತ್ವ. ನಮ್ಮತ್ತ ಧಾವಿಸಿ ಬರುವ ರೈಲಿನ ಸೀಟಿ ಏರುಸ್ವರದಲ್ಲಿಯೂ ದಾಟಿಹೋದ ಮೇಲೆ ಇಳಿಸ್ವರದಲ್ಲಿಯೂ ಕೇಳುವುದಲ್ಲವೇ? ಹಾಗೆಯೇ ಚಲಿಸುವ ವಿಮಾನದಿಂದ ಮರಳುವ ಅಲೆಯ ಸ್ವರ ನೆಲದಿಂದ ಮರಳುವ ಅಲೆಯ ಸ್ವರಕ್ಕಿಂತ ಬೇರೆ. ಆ ವ್ಯತ್ಯಾಸ ಹಿಡಿಯಬಲ್ಲ ರೇಡಾರ್ ಗದ್ದಲದಿಂದ ಗುರಿಯನ್ನು ಬೇರ್ಪಡಿಸುತ್ತದೆ. ಆದರೆ ಬಲ್ಲ ಪೈಲಟ್ ಇದಕ್ಕೂ ಪ್ರತಿಯುಪಾಯ ಹೂಡುತ್ತಾನೆ. ರೇಡಾರಿಗೆ ಲಂಬವಾಗಿ ಅಡ್ಡ ತಿರುಗಿದರೆ ಅವನು ಹತ್ತಿರವೂ ಬರುತ್ತಿರುವುದಿಲ್ಲ, ದೂರವೂ ಹೋಗುತ್ತಿರುವುದಿಲ್ಲ. ಸ್ವರದ ವ್ಯತ್ಯಾಸ ಅಳಿದು ಮತ್ತೆ ನೆಲದ ಗದ್ದಲದಲ್ಲಿ ಬೆರೆತುಹೋಗುತ್ತಾನೆ.

ರೇಡಾರ್ ಅಲೆ ಹೋಗುವಾಗ ಒಮ್ಮೆ, ಮರಳುವಾಗ ಇನ್ನೊಮ್ಮೆ ಹರಡಿ ತೆಳುವಾಗುತ್ತದೆ. ಹೀಗಾಗಿ ನೋಟದ ದೂರ ಎರಡರಷ್ಟಾಗಬೇಕಾದರೆ, ಉಳಿದೆಲ್ಲ ಹಾಗೆಯೇ ಇದ್ದಲ್ಲಿ, ಶಕ್ತಿ ಹದಿನಾರರಷ್ಟಾಗಬೇಕು. ರೇಡಾರಿನಿಂದ ಮರೆಯಾಗುವ ‘ಸ್ಟೆಲ್ತ್’ ವಿಮಾನದ ಗುಟ್ಟೂ ಈ ಲೆಕ್ಕದಲ್ಲೇ ಇದೆ. ವಿಮಾನದ ರೇಡಾರ್ ಬಿಂಬವನ್ನು ಹತ್ತು ಸಾವಿರ ಪಟ್ಟು ಕುಗ್ಗಿಸಿದರೂ ಕಾಣುವ ದೂರ ಇಳಿಯುವುದು ಹತ್ತನೆಯ ಒಂದು ಭಾಗಕ್ಕೆ. ನೂರು ಕಿಲೋಮೀಟರಿನಲ್ಲಿ ಕಾಣುತ್ತಿದ್ದದ್ದು ಹತ್ತು ಕಿಲೋಮೀಟರಿನಲ್ಲಿ ಕಾಣುತ್ತದೆ. ಅಂದರೆ ಸ್ಟೆಲ್ತ್ ಎಂಬುದು ಮಾಯವಾಗುವ ವಿದ್ಯೆಯಲ್ಲ, ತಡವಾಗಿ ಕಾಣುವ ವಿದ್ಯೆ. 1999ರ ಮಾರ್ಚ್ 27ರಂದು ಸರ್ಬಿಯದ ಹಳೆಯ ಸೋವಿಯತ್ ಕ್ಷಿಪಣಿ ಪಡೆಯೊಂದು ಅಮೆರಿಕದ ಎಫ್-117 ಸ್ಟೆಲ್ತ್ ವಿಮಾನವನ್ನು ಕೆಡವಿ ಇದನ್ನು ಲೋಕಕ್ಕೆ ತೋರಿಸಿತು.

ಕಿವಿಯ ಮಹತ್ವ ಇನ್ನೂ ಕುತೂಹಲಕರ. ಕತ್ತಲಲ್ಲಿ ಬ್ಯಾಟರಿ ಹಿಡಿದು ನಡೆಯುವವನಿಗೆ ಹತ್ತಾರು ಮಾರು ದಾರಿ ಕಾಣಬಹುದು. ಆದರೆ ಅವನ ಬೆಳಕು ಮೈಲಿಯಾಚೆ ನಿಂತವನಿಗೂ ಕಾಣುತ್ತದೆ. ರೇಡಾರ್ ಹಾಯಿಸಿದ ಪೈಲಟ್ ಸಹ ತಾನು ನೋಡುವುದಕ್ಕೆ ಮುಂಚೆಯೇ ತನ್ನ ಇರವನ್ನು ಸಾರಿರುತ್ತಾನೆ. ಕೇಳಿದ ಅಲೆ ಯಾರದು, ಹುಡುಕುತ್ತಿರುವ ರೇಡಾರಿನದೋ ಕ್ಷಿಪಣಿಗೆ ದಾರಿ ತೋರುತ್ತಿರುವ ರೇಡಾರಿನದೋ ಎಂದು ಗುರುತಿಸಲು ವಿಮಾನದ ಕಂಪ್ಯೂಟರಿನಲ್ಲಿ ಶತ್ರು ರೇಡಾರುಗಳ ಲಕ್ಷಣಗಳ ಭಂಡಾರವಿರಬೇಕು. ಭಂಡಾರ ಹಳತಾಗಿದ್ದರೆ ಕಿವಿ ಕೇಳಿದರೂ ಅರ್ಥವಾಗುವುದಿಲ್ಲ.

ಕಣ್ಣು ಕಿವಿಗಳನ್ನು ಕಿತ್ತರೆ ಏನಾಗುತ್ತದೆ ಎಂಬುದು 1982ರ ಜೂನ್‌ನಲ್ಲಿ ಲೆಬನಾನಿನ ಬೆಕಾ ಕಣಿವೆಯಲ್ಲಿ ಕಂಡುಬಂತು. ಸಿರಿಯದ ಮಿಗ್ ಪೈಲಟ್‌ಗಳು ನೆಲದ ನಿಯಂತ್ರಕರ ಆದೇಶ ಕೇಳಿ ಹಾರುವ ಪದ್ಧತಿಯವರು. ಇಸ್ರೇಲ್ ಆ ರೇಡಿಯೊ ಮಾತುಕತೆಯನ್ನೇ ಗದ್ದಲದಿಂದ ಮುಚ್ಚಿತು. ತನ್ನ ಕಡೆಗೆ ಹಾಕ್ಐ ಎಂಬ ರೇಡಾರ್ ವಿಮಾನವನ್ನು ಆಕಾಶದಲ್ಲಿ ನಿಲ್ಲಿಸಿ, ಎದುರಾಳಿ ನೆಲ ಬಿಟ್ಟೇಳುವ ಕ್ಷಣದಿಂದಲೇ ಲೆಕ್ಕ ಇಟ್ಟಿತು. ಎಂಬತ್ತಕ್ಕೂ ಹೆಚ್ಚು ಸಿರಿಯನ್ ವಿಮಾನಗಳನ್ನು ಕೆಡವಿದೆವು, ಆಕಾಶದ ಕಾದಾಟದಲ್ಲಿ ತಮ್ಮದೊಂದೂ ಬೀಳಲಿಲ್ಲ ಎಂಬುದು ಇಸ್ರೇಲಿನ ಹೇಳಿಕೆ. ಸಂಖ್ಯೆಯಲ್ಲಿ ಹೆಚ್ಚುಕಡಿಮೆಯಿದ್ದರೂ ಫಲಿತಾಂಶದ ಬಗ್ಗೆ ಅನುಮಾನವಿಲ್ಲ. ಅಲ್ಲಿ ಎದುರುಬದುರಾದದ್ದು ವಿಮಾನಕ್ಕೆ ವಿಮಾನವಲ್ಲ, ಒಂದು ವ್ಯವಸ್ಥೆಗೆ ಇನ್ನೊಂದು ವ್ಯವಸ್ಥೆ.

ಹಳೆಯ ಮೈ, ಹೊಸ ಕಣ್ಣು

ಈ ಪೈಪೋಟಿಯಲ್ಲಿ ಪಶ್ಚಿಮವೇ ಸದಾ ಮುಂದಿತ್ತು ಎಂದು ಹೇಳುವಂತಿಲ್ಲ. 1990ರಲ್ಲಿ ಜರ್ಮನಿ ಒಂದಾದಾಗ ಪೂರ್ವ ಜರ್ಮನಿಯ 24 ಮಿಗ್-29 ವಿಮಾನಗಳು ನೇಟೊ ಕೂಟದ ಕೈಗೆ ಬಂದವು. ಹಾರಿಸಿ ನೋಡಿದವರಿಗೆ ಎರಡು ಆಶ್ಚರ್ಯ ಕಾದಿತ್ತು. ಕಾಕ್‌ಪಿಟ್ ಹಳೆಯ ಕಾಲದ್ದು. ಸುತ್ತಲಿನ ಚಿತ್ರ ಪೈಲಟ್‌ಗೆ ಸರಿಯಾಗಿ ದೊರಕುತ್ತಲೇ ಇರಲಿಲ್ಲ. ಆದರೆ ಹತ್ತಿರದ ಕಾದಾಟದಲ್ಲಿ ಅದು ಪಾಶ್ಚಾತ್ಯ ವಿಮಾನಗಳನ್ನು ಹಣ್ಣುಮಾಡಿತು. ಕಾರಣ ಪೈಲಟ್‌ನ ಶಿರಸ್ತ್ರಾಣಕ್ಕೆ ಜೋಡಿಸಿದ ಗುರಿ ಸಾಧನ ಮತ್ತು ಆರ್-73 ಕ್ಷಿಪಣಿ. ವಿಮಾನದ ಮೂತಿಯನ್ನು ಶತ್ರುವಿನತ್ತ ತಿರುಗಿಸಬೇಕಿಲ್ಲ, ಪೈಲಟ್ ತಲೆ ತಿರುಗಿಸಿ ನೋಡಿದರೆ ಸಾಕು. ಕ್ಷಿಪಣಿಯ ಕಣ್ಣು ಅತ್ತಲೇ ಹೊರಳುತ್ತಿತ್ತು. ಇದನ್ನು ಸರಿಗಟ್ಟುವ ಶಿರಸ್ತ್ರಾಣ ಮತ್ತು ಕ್ಷಿಪಣಿಗಳನ್ನು ಬಳಕೆಗೆ ತರಲು ಅಮೆರಿಕಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಇದೇ ಶಿರಸ್ತ್ರಾಣ, ಇದೇ ಕ್ಷಿಪಣಿಯನ್ನು ಭಾರತ ತನ್ನ ಮುದಿ ಮಿಗ್-21ಕ್ಕೆ ತೊಡಿಸಿತು. ಹೊಸ ರೇಡಾರ್ ಮತ್ತು ಶತ್ರು ರೇಡಾರಿಗೆ ಮಂಕು ಕವಿಸುವ ಸಾಧನವನ್ನೂ ಸೇರಿಸಿಕೊಂಡು ಸುಮಾರು 125 ವಿಮಾನಗಳು ‘ಬೈಸನ್’ ಆದವು. 2004ರ ಫೆಬ್ರವರಿಯಲ್ಲಿ ಗ್ವಾಲಿಯರ್‌ನಲ್ಲಿ ನಡೆದ ಜಂಟಿ ಅಭ್ಯಾಸದಲ್ಲಿ ಅಮೆರಿಕದ ಎಫ್-15 ಪೈಲಟ್‌ಗಳು ಭಾರತದ ಸುಖೋಯ್‌ಗಳ ಜೊತೆಗೆ ಈ ಬೈಸನ್‌ಗಳನ್ನೂ ಗಂಭೀರ ಎದುರಾಳಿಗಳೆಂದು ಒಪ್ಪಿಕೊಂಡರು. ಆ ಅಭ್ಯಾಸದಲ್ಲಿ ಅಮೆರಿಕದ ವಿಮಾನಗಳ ಸಂಖ್ಯೆ ಕಡಿಮೆಯಿತ್ತು, ದೂರದ ಕ್ಷಿಪಣಿಗಳ ಬಳಕೆಗೆ ಮಿತಿಯಿತ್ತು ಎಂಬುದನ್ನೂ ಮರೆಯಬಾರದು. ಅಭ್ಯಾಸದ ಅಂಕ ಯುದ್ಧದ ಅಂಕವಲ್ಲ. ಆದರೂ 1963ರಲ್ಲಿ ವಾಯುಪಡೆಗೆ ಬಂದ ವಿಮಾನವೊಂದು ನಲವತ್ತು ವರ್ಷಗಳ ಮೇಲೆ ಹೊಸ ಕಣ್ಣು ಪಡೆದು ಲೆಕ್ಕಕ್ಕೆ ಬಂದದ್ದು ಸಣ್ಣ ಮಾತಲ್ಲ. ಮಿಗ್-21ಕ್ಕೆ ವಾಯುಪಡೆ ಅಂತಿಮ ವಿದಾಯ ಹೇಳಿದ್ದು 2025ರ ಸೆಪ್ಟೆಂಬರ್ 26ರಂದು, ಚಂಡೀಗಢದಲ್ಲಿ.

ಕಣ್ಣು ಯಾರದು?

ಹೋಲಿಕೆಯ ಪಟ್ಟಿಗಳಲ್ಲಿ ಎಂದೂ ಕಾಣದ ಇನ್ನೊಂದು ಪ್ರಶ್ನೆಯಿದೆ. ವಿಮಾನದ ಕಣ್ಣು, ಮಿದುಳು, ಎದೆಗುಂಡಿಗೆಗಳು ಯಾರ ಅಧೀನದಲ್ಲಿವೆ? ಈ ಪ್ರಶ್ನೆಯ ಬಿಸಿ ಬೆಂಗಳೂರಿಗೆ ಎರಡು ಬಾರಿ ತಟ್ಟಿದೆ.

ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್‌ಎಎಲ್ ರೂಪಿಸಿದ ಮರುತ್ ವಿಮಾನ 1961ರ ಜೂನ್ 17ರಂದು ಬೆಂಗಳೂರಿನ ಮೇಲೆ ಮೊದಲು ಹಾರಿತು. ಶಬ್ದವೇಗವನ್ನು ಚೆನ್ನಾಗಿ ಮೀರುವಂತೆ ರೂಪಿಸಿದ ದೇಹ. ಆದರೆ ಅದಕ್ಕೆ ತಕ್ಕ ಎಂಜಿನ್ ಹೊರಗಿನಿಂದ ಸಿಗಲೇ ಇಲ್ಲ. ಮೊದಲ ಹಾರಾಟ ನಡೆಸಿದ ಸುರಂಜನ್ ದಾಸ್, ಮರುತ್‌ಗೆ ಹೆಚ್ಚಿನ ಶಕ್ತಿ ಕೊಡುವ ಪ್ರಯತ್ನದ ಹಾರಾಟದಲ್ಲೇ 1970ರ ಜನವರಿಯಲ್ಲಿ ಪ್ರಾಣ ತೆತ್ತರು. ನಗರದ ಸುರಂಜನ್ ದಾಸ್ ರಸ್ತೆ ಅವರದೇ ನೆನಪು. ಒಟ್ಟು 147 ಮರುತ್‌ಗಳು ತಯಾರಾದವು, 1971ರ ಯುದ್ಧದಲ್ಲಿ ನೆಲದ ಗುರಿಗಳ ಮೇಲೆ ಒಳ್ಳೆಯ ಕೆಲಸ ಮಾಡಿದವು. ಆದರೆ ಯಾವುದಕ್ಕಾಗಿ ಹುಟ್ಟಿತ್ತೋ ಆ ವೇಗವನ್ನು ಮರುತ್ ಕಾಣಲಿಲ್ಲ.

ಎರಡನೆಯ ಪರೀಕ್ಷೆ ತೇಜಸ್‌ನದು. ಅಂಗೈ ಮೇಲೆ ನಿಲ್ಲಿಸಿದ ಕೋಲಿನಂತೆ ತನ್ನಷ್ಟಕ್ಕೆ ಸ್ಥಿರವಾಗಿ ನಿಲ್ಲದ ವಿಮಾನವದು. ಚುರುಕಾಗಿ ತಿರುಗಲೆಂದೇ ಹಾಗೆ ರೂಪಿಸುತ್ತಾರೆ. ಬೀಳುವ ಕೋಲನ್ನು ಅಂಗೈ ಸರಿಸುತ್ತ ಹಿಡಿದಿಡುವಂತೆ, ಕಂಪ್ಯೂಟರುಗಳು ಸೆಕೆಂಡಿಗೆ ಹತ್ತಾರು ಬಾರಿ ರೆಕ್ಕೆಯ ಪಟ್ಟಿಗಳನ್ನು ತಿದ್ದುತ್ತ ಅದನ್ನು ಹಾರಿಸುತ್ತವೆ. ಈ ನಿಯಂತ್ರಣ ವ್ಯವಸ್ಥೆಯ ಕೆಲಸ ಅಮೆರಿಕದ ಸಂಸ್ಥೆಯೊಡನೆ ಸಾಗಿತ್ತು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರಮಾಣು ಪರೀಕ್ಷೆ ನಡೆಯಿತು. ಅಮೆರಿಕ ನಿರ್ಬಂಧ ಹೇರಿತು. ಅಲ್ಲಿದ್ದ ಭಾರತೀಯ ಎಂಜಿನಿಯರುಗಳು ಕೆಲಸ ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಉಳಿದ ಕೆಲಸವನ್ನು ಬೆಂಗಳೂರಿನ ಪ್ರಯೋಗಾಲಯಗಳೇ ಮುಗಿಸಿದವು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅದನ್ನು ಮೊದಲ ಬಾರಿಗೆ ಹಾರಿಸಿದರು. ತಡವಾಯಿತು, ನಿಜ. ಆದರೆ ವಿಮಾನದ ಮಿದುಳು ನಮ್ಮದಾಯಿತು.

ಎದೆಗುಂಡಿಗೆ ಮಾತ್ರ ಇನ್ನೂ ಪರರದು. 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಒಪ್ಪಂದವಾಯಿತು. ಅವುಗಳಿಗೆಂದು ಅದೇ ವರ್ಷ ಅಮೆರಿಕದ ಜಿಇ ಸಂಸ್ಥೆಯಿಂದ ಕೇಳಿದ 99 ಎಂಜಿನ್‌ಗಳಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ಇತ್ತ ಕಣ್ಣಿನ ವಿಷಯದಲ್ಲಿ ಭರವಸೆಯಿದೆ. ನೂರಾರು ಪುಟ್ಟ ಘಟಕಗಳು ಒಂದೊಂದೂ ಸ್ವತಂತ್ರವಾಗಿ ಅಲೆ ಕಳಿಸಿ ಪಡೆಯುವ, ತಲೆ ತಿರುಗಿಸದೆಯೇ ಕ್ಷಣಾರ್ಧದಲ್ಲಿ ದಿಕ್ಕು ಬದಲಿಸುವ ‘ಉತ್ತಮ್’ ರೇಡಾರನ್ನು ಬೆಂಗಳೂರಿನ ಎಲ್‌ಆರ್‌ಡಿಇ ಸಂಸ್ಥೆ ರೂಪಿಸಿ ತೇಜಸ್ ಮೇಲೆ ಹಾರಿಸಿ ಪರೀಕ್ಷಿಸಿದೆ. ರಷ್ಯದ ದೇಹ ಮತ್ತು ರೇಡಾರ್, ಫ್ರಾನ್ಸ್ ಹಾಗೂ ಇಸ್ರೇಲ್‌ನ ಉಪಕರಣಗಳಿರುವ ಸುಖೋಯ್-30 ಎಂಕೆಐಯಲ್ಲಿ ಎಚ್ಚರಿಕೆಯ ಕಿವಿಯೂ ಕಂಪ್ಯೂಟರುಗಳೂ ಭಾರತದವೇ.

ಇದು ಬರೀ ಸ್ವಾಭಿಮಾನದ ಮಾತಲ್ಲ. ಶತ್ರು ಹೊಸ ರೇಡಾರ್ ತಂದ ದಿನ ಅದರ ಲಕ್ಷಣವನ್ನು ನಮ್ಮ ವಿಮಾನದ ಭಂಡಾರಕ್ಕೆ ಸೇರಿಸಬೇಕು. ತಂತ್ರಾಂಶದ ಮೂಲ ಬರವಣಿಗೆ ನಮ್ಮಲ್ಲಿದ್ದರೆ ಅದು ನಮ್ಮ ಎಂಜಿನಿಯರುಗಳ ಕೆಲಸ. ಇಲ್ಲದಿದ್ದರೆ ಮಾರಿದವರ ಬಾಗಿಲು ತಟ್ಟಬೇಕು. ಅವರು ಒಪ್ಪಬೇಕು, ಬೆಲೆ ಹೇಳಬೇಕು, ಬಿಡುವಾಗಬೇಕು. ಅಲ್ಲಿಯವರೆಗೆ ಪೈಲಟ್ ಅರೆಗಿವುಡನಾಗಿಯೇ ಹಾರಬೇಕು.

ಆದ್ದರಿಂದ ಎರಡು ಯುದ್ಧವಿಮಾನಗಳಲ್ಲಿ ಯಾವುದು ಮೇಲೆಂದು ಕೇಳುವವರು ವೇಗದ ಅಂಕಿಯ ಬಳಿಯೇ ನಿಲ್ಲಬಾರದು. ಯಾವ ಕೆಲಸಕ್ಕೆ ಕಟ್ಟಿದ್ದು? ಯಾರು ಮೊದಲು ನೋಡುತ್ತಾರೆ? ನೆಲದಿಂದಲೂ ಜೊತೆಗಾರರಿಂದಲೂ ಏನು ಸುದ್ದಿ ಸಿಗುತ್ತದೆ? ಪೈಲಟ್ ಎಷ್ಟು ಪಳಗಿದ್ದಾನೆ? ಯುದ್ಧದ ನಡುವೆ ಅದರ ತಂತ್ರಾಂಶ ತಿದ್ದುವ ಹಕ್ಕು, ಎಂಜಿನ್ ಬದಲಿಸುವ ಶಕ್ತಿ ಯಾರ ಕೈಯಲ್ಲಿದೆ? ಸಾವಿರಾರು ಕೋಟಿ ರೂಪಾಯಿಗಳ ಖರೀದಿಯ ಸುದ್ದಿ ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆಗಳಿವು. ಇವುಗಳಿಗೆ ಉತ್ತರ ಸಿಗದ ಪಟ್ಟಿಯಲ್ಲಿ ಅಂಕಿಗಳು ಎಷ್ಟೇ ಇರಲಿ, ಅದನ್ನು ನಂಬಿ ಹಾರುವವನ ಜೀವಕ್ಕೆ ಅವು ಹೊಣೆಯಾಗುವುದಿಲ್ಲ.